ಮಿಲ್ಲರ್ ಸಮಿತಿಯೂ ಉದ್ಯೋಗದಲ್ಲಿ ಸಮಪಾಲೂ



ಇಂದು ಸರಕಾರದ ಯಾವ ಕಚೇರಿಯನ್ನು ಹೊಕ್ಕರೂ ನಾನಾ ಜಾತಿಮತಗಳವರು ಒಂದೇ ಸಾಲಿನ ಮೇಜುಗಳಲ್ಲಿ ಕುಳಿತು ಕೆಲಸ ಮಾಡುವುದನ್ನು ಕಾಣುತ್ತೇವೆ. ಇದು ತಾನಾಗಿ ಒದಗಿ ಬಂದುದೆಂದು ಭಾವಿಸುವವರು ಹಳೆಯ ಮೈಸೂರು ಸಂಸ್ಥಾನದ ಇತಿಹಾಸವನ್ನೊಮ್ಮೆ ಅವಲೋಕಿಸುವುದು ಉಚಿತ.

1881ರಲ್ಲಿ ಸಂಸ್ಥಾನವು ಮರಳಿ ಒಡೆಯರ ಕೈಸೇರಿತು. ಆಡಳಿತವು ಹೊಸ ರೂಪ ತಳೆದಂತೆ ಇಂಗ್ಲಿಷ್ ವಿದ್ಯೆಯೇ ಉದ್ಯೋಗದ ಹೆಬ್ಬಾಗಿಲಾಯಿತು. ಪರಂಪರೆಯಿಂದ ಅಕ್ಷರದ ನಂಟಿದ್ದ ಬ್ರಾಹ್ಮಣ ಸಮಾಜವು ಅದನ್ನು ಮೊದಲು ಕೈವಶ ಮಾಡಿಕೊಂಡಿತು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರಿಗಿಂತ ಕಡಿಮೆಯಿದ್ದ ಆ ಸಮಾಜದವರೇ ಮೇಲಿನ ಹುದ್ದೆಗಳ ಬಹುಪಾಲನ್ನು ಪಡೆದಿದ್ದರು. ಕಲಿತವರು ಮುಂದೆ ಬಂದುದು ಅಪರಾಧವಲ್ಲ. ಆದರೆ ಹೊಲಗೆಯ್ದು ಕಂದಾಯ ತೆತ್ತವನ ಮಗನಿಗೆ ಆ ಕಂದಾಯವನ್ನು ವಿನಿಯೋಗಿಸುವ ಕಚೇರಿಯಲ್ಲಿ ಎಡೆಯಿಲ್ಲದಿದ್ದುದು ಅನ್ಯಾಯವೇ ಸರಿ.

ಈ ಅರಿವು ಮೂಡಿದಾಗ ಸಮಾಜಗಳು ಮೊದಲು ತಮ್ಮ ಮಕ್ಕಳ ವಿದ್ಯೆಯ ಕಡೆಗೆ ತಿರುಗಿದವು. 1905ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. 1917ರಲ್ಲಿ ಬ್ರಾಹ್ಮಣೇತರ ಸಮಾಜಗಳೆಲ್ಲ ಸೇರಿ ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿದವು. ಮರುವರ್ಷ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಸನ್ನಿಧಿಗೆ ಬಿನ್ನಹ ಸಲ್ಲಿಸಿದರು. ಪ್ರಭುಗಳು 1918ರಲ್ಲೇ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು.

ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಕ್ರಮ ಒಪ್ಪಿಗೆಯಾಗಲಿಲ್ಲ. ವಿದ್ಯೆಯನ್ನು ಎಲ್ಲೆಡೆ ಹರಡಿದರೆ ಅಂತರವು ತಾನೇ ಅಳಿಯುವುದು, ಜಾತಿಯನ್ನು ನೋಡಿ ನೇಮಿಸಿದರೆ ದಕ್ಷತೆ ಕುಗ್ಗುವುದು ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ಅವರು ಪದವಿಯಿಂದ ನಿವೃತ್ತರಾದರು. ನಾಡು ಕಟ್ಟಿದ ಆ ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಸಮಿತಿಯೂ ಹಾಗೆ ತಳ್ಳಿಹಾಕಲಿಲ್ಲ. ದಕ್ಷತೆಯನ್ನು ಕೇವಲ ಪರೀಕ್ಷೆಯ ಯೋಗ್ಯತೆಯಿಂದ ಅಳೆಯಲಾಗದೆಂದು ಉತ್ತರಿಸಿತು. ಜನರ ಕಷ್ಟಸುಖಗಳನ್ನು ಬಲ್ಲ ಅಧಿಕಾರಿಯೂ ದಕ್ಷನೇ ಅಲ್ಲವೇ?

1919ರಲ್ಲಿ ಬಂದ ವರದಿಯ ವಿಶೇಷವನ್ನು ಗಮನಿಸಿರಿ. ಅದು ಬರಿಯ ಸದಾಶಯದ ಮಾತುಗಳಿಂದ ತೃಪ್ತವಾಗಲಿಲ್ಲ. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದೆ ಬ್ರಾಹ್ಮಣೇತರರು ಇರಬೇಕೆಂದು ಪ್ರಮಾಣವನ್ನೂ ಅವಧಿಯನ್ನೂ ಗೊತ್ತುಪಡಿಸಿತು. ಅರ್ಹರಾದ ದಲಿತ ವರ್ಗದವರಿಗೆ ಆದ್ಯತೆ ಇರಲೆಂದಿತು. ಜೊತೆಗೆ ವಿದ್ಯಾರ್ಥಿವೇತನಗಳನ್ನೂ ಸೂಚಿಸಿತು. ಬಾಗಿಲನ್ನು ತೆರೆದರಷ್ಟೇ ಸಾಲದು, ಬಾಗಿಲವರೆಗೆ ನಡೆದು ಬರುವ ಶಕ್ತಿಯನ್ನೂ ತುಂಬಬೇಕು ಎಂಬುದು ಇದರ ಮರ್ಮ. 1921ರಲ್ಲಿ ಸರಕಾರವು ಆಜ್ಞೆ ಹೊರಡಿಸಿ ಇದನ್ನು ಜಾರಿಗೆ ತಂದಿತು.

ಆದರೆ ಇತಿಹಾಸವು ಪ್ರಶಂಸೆಯೊಡನೆ ಎಚ್ಚರಿಕೆಯನ್ನೂ ನೀಡುತ್ತದೆ. ಬ್ರಾಹ್ಮಣರನ್ನುಳಿದು ಮಿಕ್ಕವರೆಲ್ಲರನ್ನೂ ಒಂದೇ ಗುಂಪಾಗಿ ಎಣಿಸಿದುದರಿಂದ ಭೂಮಿಯೂ ಸಂಘಟನೆಯೂ ಇದ್ದ ಸಮಾಜಗಳು ಹೆಚ್ಚು ಲಾಭ ಪಡೆದವು. ಲಿಂಗಾಯತರೂ ಒಕ್ಕಲಿಗರೂ ಅವರಲ್ಲಿ ಪ್ರಮುಖರೆಂಬುದನ್ನು ನಾವು ಮರೆಮಾಚಬಾರದು. ಕುಶಲಕರ್ಮಿಗಳು, ಅಲೆಮಾರಿಗಳು, ಅಸ್ಪೃಶ್ಯರೆನಿಸಿದವರು ಹಿಂದೆಯೇ ಉಳಿದರು. 1972ರಲ್ಲಿ ದೇವರಾಜ ಅರಸರ ಸರಕಾರ ನೇಮಿಸಿದ ಎಲ್. ಜಿ. ಹಾವನೂರರ ಆಯೋಗವು 1975ರ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿರಿಸಿದಾಗ ನಮ್ಮಲ್ಲಿ ಎಷ್ಟೊಂದು ಕೋಲಾಹಲವೆದ್ದಿತು! 1918ರಲ್ಲಿ ಲೆಕ್ಕ ಕೇಳಿದವರೇ ಅಂದು ಲೆಕ್ಕ ಒಪ್ಪಿಸಬೇಕಾಗಿತ್ತು. ಆ ಆಯೋಗದ ಎಣಿಕೆಯನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಉಂಟು. ಎಣಿಕೆಯೇ ಬೇಡವೆನ್ನುವ ಹಕ್ಕು ಮಾತ್ರ ನಮಗಿಲ್ಲ.

ವಾಚಕರೇ, ನಿಮ್ಮಲ್ಲಿ ಅನೇಕರು ಅಧಿಕಾರಿಗಳು, ಶಾಲೆ ಕಾಲೇಜುಗಳ ಆಡಳಿತ ಮಂಡಳಿಯ ಸದಸ್ಯರು, ಕಾರ್ಖಾನೆಗಳ ಒಡೆಯರು. ನಿಮ್ಮ ಸಂಸ್ಥೆಯ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿರಿ. ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ? ಕಸ ಗುಡಿಸುವವನು ಯಾರು, ಸಹಿ ಹಾಕುವವನು ಯಾರು? ಸ್ತ್ರೀಯರು ಎಷ್ಟು ಮಂದಿ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಬಂಧುಗಳೆಂದು ಸಾರಿದ ಬಸವಣ್ಣನವರ ಹೆಸರನ್ನು ನಿತ್ಯ ನೆನೆಯುವ ನಮಗೆ ಈ ಪ್ರಶ್ನೆ ಹೊರಗಿನದಲ್ಲ. ಮುತ್ತಜ್ಜಂದಿರು ಬೇಡಿ ಪಡೆದ ನ್ಯಾಯವನ್ನು ಬೇಡದೆಯೇ ಇತರರಿಗೆ ಕೊಡುವುದೇ ಆ ಋಣವನ್ನು ತೀರಿಸುವ ದಾರಿ.