ಒಂದು ಗುಂಡಿ, ಮೂರು ಉತ್ತರ: ಘನಫಲದ ಪಾಠಕ್ಕೆ ಸಾವಿರ ವರ್ಷದ ಕಥೆ

ಇವತ್ತಿನ ಎಪಿಸೋಡ್ ಗಣಿತದ್ದು. ಸ್ಕಿಪ್ ಬಟನ್ ಕಡೆ ಬೆರಳು ಹೋಗೋ ಮುಂಚೆ ಫೋನ್‌ನಲ್ಲಿರೋ ಕ್ಯಾಲ್ಕುಲೇಟರ್ ಒಂದ್ಸಲ ಓಪನ್ ಮಾಡಿ. ಒಂದೇ ಒಂದು ಲೆಕ್ಕ ಮಾಡೋಣ.

ಒಂದು ಗುಂಡಿ ತೋಡಿದ್ದಾರೆ. ಮೇಲೆ ಬಾಯಿ ಅಗಲ, ಕೆಳಗೆ ತಳ ಸಣ್ಣದು, ಗೋಡೆಗಳು ಇಳಿಜಾರು. ಬಾಯಿಯ ಅಳತೆ 12 ಮೊಳ ಉದ್ದ, 10 ಮೊಳ ಅಗಲ. ತಳ ಅದರರ್ಧ, ಅಂದ್ರೆ 6 ಮೊಳ, 5 ಮೊಳ. ಆಳ 7 ಮೊಳ. ಎಷ್ಟು ಮಣ್ಣು ತೆಗೆದ ಹಾಗಾಯ್ತು?

ಮೊದಲನೇ ದಾರಿ: ಮೇಲಿನ ಉದ್ದ, ಕೆಳಗಿನ ಉದ್ದ ಸೇರಿಸಿ ಅರ್ಧ ಮಾಡಿ, 9. ಅಗಲಕ್ಕೂ ಹಾಗೇ ಮಾಡಿ, ಏಳೂವರೆ. ಎರಡನ್ನೂ ಗುಣಿಸಿ, ಆಳ 7ರಿಂದ ಗುಣಿಸಿ. 472.5 ಘನ ಮೊಳ ಬರುತ್ತೆ.

ಎರಡನೇ ದಾರಿ: ಬಾಯಿಯ ವಿಸ್ತೀರ್ಣ 120, ತಳದ ವಿಸ್ತೀರ್ಣ 30. ಇವುಗಳ ಸರಾಸರಿ 75. ಅದನ್ನ 7ರಿಂದ ಗುಣಿಸಿದ್ರೆ 525.

ಗುಂಡಿ ಒಂದೇ, ಅಳತೆನೂ ಒಂದೇ. ಎರಡು ಕಡೆನೂ ಸರಾಸರಿನೇ ತಗೊಂಡಿದ್ದೀವಿ. ಆದ್ರೂ 52.5 ಘನ ಮೊಳ ವ್ಯತ್ಯಾಸ! ನಿಮಗೆ ಘನ ಮೊಳದ ಲೆಕ್ಕದಲ್ಲಿ ಕೂಲಿ ಕೊಡೋದಾದ್ರೆ ಯಾವ ಉತ್ತರ ಒಪ್ಕೋತೀರಾ? ಕೂಲಿ ಕೊಡೋರು ನೀವೇ ಆಗಿದ್ರೆ?

ಈ ಲೆಕ್ಕ ಇರೋದು ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ. 1150ರ ಸುಮಾರಿಗೆ ಬರೆದ ಪುಸ್ತಕ. ಅಲ್ಲಿ ಭಾಸ್ಕರ ‘ಬಾಲೆ’, ‘ಗೆಳೆಯ’ ಅಂತ ಕರೀತಾ, ಎದುರಿಗೇ ಕೂತಿರೋರ ಹತ್ರ ಮಾತಾಡೋ ಥರ ಪ್ರಶ್ನೆ ಕೇಳ್ತಾರೆ. ಈ ಗುಂಡಿಗೆ ಅವರು ಕೊಡೋ ಉತ್ತರ 490. ನಮ್ಮ ಎರಡೂ ಉತ್ತರ ತಪ್ಪು.

ಆದ್ರೆ ಈ ಜಗಳ ಬಗೆಹರಿಸಿದ ಮೊದಲಿಗರು ಭಾಸ್ಕರ ಅಲ್ಲ. 628ರಲ್ಲೇ ಬ್ರಹ್ಮಗುಪ್ತ ತಮ್ಮ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಇದಕ್ಕೆ ನಿಯಮ ಕೊಟ್ಟಿದ್ರು. ಆಮೇಲೆ ಕಥೆ ನಮ್ಮ ಕಡೆಗೆ ಬರುತ್ತೆ.

ಸುಮಾರು 850ನೇ ಇಸವಿ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ಆಗ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ದೊರೆ ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ ಅಂತ ಸ್ಕೂಲ್‌ನಲ್ಲಿ ಓದಿರ್ತೀರಿ. ಅದೇ ಕಾಲದಲ್ಲಿ ಮಹಾವೀರಾಚಾರ್ಯ ಅನ್ನೋ ಜೈನ ಗಣಿತಜ್ಞರು ‘ಗಣಿತಸಾರಸಂಗ್ರಹ’ ಬರೆದ್ರು. ಪುಸ್ತಕದ ಶುರುವಿನಲ್ಲೇ ನೃಪತುಂಗನ ಹೊಗಳಿಕೆ ಇದೆ. ಅದರಲ್ಲಿ ‘ಖಾತವ್ಯವಹಾರ’ ಅಂತ ಒಂದು ಅಧ್ಯಾಯ ಬರುತ್ತೆ. ಖಾತ ಅಂದ್ರೆ ಅಗೆದ ಗುಂಡಿ. ನಾವು ಇವತ್ತು ‘ಘನಫಲ’ ಅಂತ ಓದೋ ಪಾಠಕ್ಕೆ ಆಗಿನ ಹೆಸರು ‘ಗುಂಡಿಗಳ ವ್ಯವಹಾರ’ ಅಂತ ಇಟ್ಕೊಳ್ಳಿ. ಮಣ್ಣು ಅಗೆಯೋದು, ಇಟ್ಟಿಗೆ ಕಟ್ಟೋದು, ಮರ ಕೊಯ್ಯೋದು, ಹೀಗೆ ಕೆಲಸದ ಜಾಗದಲ್ಲಿ ಎದುರಾಗೋ ಲೆಕ್ಕಗಳೇ ಅಲ್ಲಿರೋದು.

ಮಹಾವೀರರು ನಾವು ಈಗ ಮಾಡಿದ ಎರಡೂ ತಪ್ಪು ಉತ್ತರಗಳಿಗೆ ಹೆಸರು ಕೊಟ್ಟಿದ್ದಾರೆ. ಮೊದಲನೇದು ‘ಕರ್ಮಾಂತಿಕ’. ಕರ್ಮಾಂತ ಅಂದ್ರೆ ಕೆಲಸ ನಡೆಯೋ ಜಾಗ. ಎರಡನೇದು ‘ಔಂಡ್ರ’. ಸರಿಯಾದ ಉತ್ತರ ಬೇಕಾ? ಎರಡರ ವ್ಯತ್ಯಾಸ ತಗೊಳ್ಳಿ, ಮೂರರಿಂದ ಭಾಗಿಸಿ, ಕರ್ಮಾಂತಿಕಕ್ಕೆ ಸೇರಿಸಿ. ನಮ್ಮ ಗುಂಡಿಯಲ್ಲಿ ವ್ಯತ್ಯಾಸ 52.5. ಅದರ ಮೂರನೇ ಒಂದು ಭಾಗ 17.5. ಅದನ್ನ 472.5ಕ್ಕೆ ಸೇರಿಸಿ: 490. ಭಾಸ್ಕರರ ಉತ್ತರವೇ ಬಂತು.

ಸರಿ, ಆದ್ರೆ ಮೂರನೇ ಒಂದು ಭಾಗ ಯಾಕೆ? ಕಾಲು ಯಾಕಲ್ಲ, ಅರ್ಧ ಯಾಕಲ್ಲ? ಇಡೀ ಪಾಠದ ಜೀವ ಇಲ್ಲೇ ಇದೆ, ಸ್ವಲ್ಪ ಕಣ್ಮುಚ್ಚಿ ಊಹಿಸ್ಕೊಳ್ಳಿ.

ಆ ಗುಂಡಿಯನ್ನ ತುಂಡು ಮಾಡೋಣ. ನಡುವೆ ನೆಟ್ಟಗೆ ನಿಂತಿರೋ ಒಂದು ಪೆಟ್ಟಿಗೆ: ತಳದ ಅಳತೆ 6, 5, ಆಳ 7. ಒಟ್ಟು 210. ಆ ಪೆಟ್ಟಿಗೆಯ ನಾಲ್ಕು ಬದಿಗೆ ನಾಲ್ಕು ಇಳಿಜಾರು. ಎದುರುಬದುರು ಇರೋ ಎರಡನ್ನ ಜೋಡಿಸಿದ್ರೆ 105, ಇನ್ನೆರಡನ್ನ ಜೋಡಿಸಿದ್ರೆ ಇನ್ನೊಂದು 105. ಇಲ್ಲಿವರೆಗೆ 420. ಇದರಲ್ಲಿ ಯಾರಿಗೂ ತಕರಾರಿಲ್ಲ, ಎರಡೂ ದಾರಿಯಲ್ಲಿ ಇಷ್ಟು ಸರಿಯಾಗೇ ಸಿಗುತ್ತೆ. ಉಳಿದಿದ್ದು ನಾಲ್ಕು ಮೂಲೆ. ಆ ಮೂಲೆಗಳು ಮೇಲೆ ಅಗಲ, ಕೆಳಗೆ ಹೋಗ್ತಾ ಹೋಗ್ತಾ ಚೂಪು. ನಾಲ್ಕನ್ನೂ ಸೇರಿಸಿದ್ರೆ ತಲೆಕೆಳಗಾದ ಒಂದು ಪಿರಮಿಡ್ಡು. ಅದು ಪೂರ್ತಿ ಪೆಟ್ಟಿಗೆ ಆಗಿದ್ರೆ 6, 5, 7 ಗುಣಿಸಿ 210 ಆಗ್ತಿತ್ತು. ಚೂಪಾಗಿರೋದ್ರಿಂದ ಅದರ ಒಂದು ಭಾಗ ಮಾತ್ರ.

ಕರ್ಮಾಂತಿಕದ ಲೆಕ್ಕ ಈ ಮೂಲೆಗಳನ್ನ ಪೆಟ್ಟಿಗೆಯ ಕಾಲು ಭಾಗ ಅಂತ ಹಿಡಿಯುತ್ತೆ. ಔಂಡ್ರದ ಲೆಕ್ಕ ಅರ್ಧ ಅಂತ ಹಿಡಿಯುತ್ತೆ. ನಿಜವಾಗಿ ಅದು ಮೂರನೇ ಒಂದು ಭಾಗ, 70. ಹಾಗಾಗಿ 420ಕ್ಕೆ 70 ಸೇರಿ 490. ಇಡೀ ಜಗಳ ಇರೋದು ನಾಲ್ಕು ಮೂಲೆಯ ಮಣ್ಣಿನಲ್ಲಿ.

ಈ ‘ಮೂರನೇ ಒಂದು’ ಎಲ್ಲಿಂದ ಬಂತು ಅನ್ನೋದನ್ನ ಮಗುವಿಗೆ ತೋರಿಸೋದು ಕಷ್ಟ ಏನಿಲ್ಲ. ಒಂದೇ ಬಾಯಿ, ಒಂದೇ ಎತ್ತರ ಇರೋ ಒಂದು ಡಬ್ಬ, ಒಂದು ಶಂಕು ಮಾಡಿ. ಶಂಕುವಿನಲ್ಲಿ ಮರಳು ತುಂಬಿ ಡಬ್ಬಕ್ಕೆ ಸುರೀಬೇಕು. ಸರಿಯಾಗಿ ಮೂರು ಸಲಕ್ಕೆ ತುಂಬುತ್ತೆ. ಭಾಸ್ಕರರು ಇಂಥ ಚೂಪು ಗುಂಡಿಗೆ ಕೊಟ್ಟ ಹೆಸರು ‘ಸೂಚೀಖಾತ’, ಸೂಜಿಯಂಥ ಗುಂಡಿ. ಸಮನಾದ ಗುಂಡಿಯ ಮೂರನೇ ಒಂದು ಭಾಗ ಅಂತ ಅವರೇ ಹೇಳಿದ್ದಾರೆ.

ಇದೆಲ್ಲ ನಮ್ಮಲ್ಲೇ ಮೊದಲು ಅಂತ ಹೇಳೋಕೆ ಹೊರಟಿಲ್ಲ. ಕ್ರಿಸ್ತಪೂರ್ವ 1850ರ ಆಸುಪಾಸಿನ ಈಜಿಪ್ಟಿನ ಒಂದು ಪಪೈರಸ್ ಈಗ ಮಾಸ್ಕೋದಲ್ಲಿದೆ. ಅದರಲ್ಲಿ ತುದಿ ಕತ್ತರಿಸಿದ ಪಿರಮಿಡ್ಡಿನ ಲೆಕ್ಕ ಇದೆ. ತಳ 4, ಮೇಲ್ಭಾಗ 2, ಎತ್ತರ 6, ಉತ್ತರ 56. ಪೂರ್ತಿ ಸರಿ. ಇನ್ನು ನಮ್ಮ ಪುಸ್ತಕಗಳಲ್ಲೂ ಎಲ್ಲ ಸರಿ ಇರಲಿಲ್ಲ. ಗೋಳದ ಘನಫಲಕ್ಕೆ ಮಹಾವೀರರು ಎರಡು ನಿಯಮ ಕೊಡ್ತಾರೆ, ಒಂದು ಅಂದಾಜಿನದು, ಇನ್ನೊಂದು ಸೂಕ್ಷ್ಮ. 2 ಮೊಳ ವ್ಯಾಸದ ಚೆಂಡಿಗೆ ಅಂದಾಜಿನಲ್ಲಿ 4.5 ಬರುತ್ತೆ, ಸೂಕ್ಷ್ಮದಲ್ಲಿ 4.05. ನಿಜವಾದ ಉತ್ತರ 4.19ರ ಹತ್ತಿರ. ಭಾಸ್ಕರರ ನಿಯಮ ಇದನ್ನ ಸರಿಮಾಡಿತು. ಗ್ರೀಸ್‌ನ ಆರ್ಕಿಮಿಡೀಸ್ ಅದಕ್ಕೂ ಹಿಂದೆ, ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಇದನ್ನ ಸಾಧಿಸಿ ತೋರಿಸಿದ್ದರು.

ಗುಂಡಿಯಿಂದ ಈಗ ಕಣಕ್ಕೆ ಬರೋಣ. ಒಕ್ಕಣೆ ಮುಗಿದಿದೆ, ಕಾಳು ರಾಶಿ ಹಾಕಿದ್ದಾರೆ. ಕೊಳಗದಲ್ಲಿ ಅಳೆಯೋಕೆ ಇಡೀ ದಿನ ಬೇಕು. ಅಳೀದೆ ಹೇಳೋದು ಹೇಗೆ? ‘ಲೀಲಾವತಿ’ಯ ರಾಶಿ ಲೆಕ್ಕ ಹೀಗಿದೆ: ರಾಶಿ ಸುತ್ತ ಒಂದು ಹಗ್ಗ ಹಿಡೀರಿ. ಆ ಸುತ್ತಳತೆಯನ್ನ 6ರಿಂದ ಭಾಗಿಸಿ, ವರ್ಗ ಮಾಡಿ, ಎತ್ತರದಿಂದ ಗುಣಿಸಿ. ಮುಗೀತು. ಎತ್ತರ ಅಳೆಯೋಕೆ ರಾಶಿ ಹತ್ತಬೇಕಾಗಿಲ್ಲ. ಕಡಲೆಯಂಥ ದಪ್ಪ ಕಾಳಾದ್ರೆ ಸುತ್ತಳತೆಯ ಹತ್ತನೇ ಒಂದು ಭಾಗ, ಸಾಸಿವೆಯಂಥ ಸಣ್ಣ ಕಾಳಾದ್ರೆ ಹನ್ನೊಂದನೇ ಒಂದು ಭಾಗ, ಭತ್ತದಂಥ ಮುಳ್ಳು ಇರೋ ಧಾನ್ಯವಾದ್ರೆ ಒಂಬತ್ತನೇ ಒಂದು ಭಾಗ.

ಎಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ ಗಮನಿಸಿ. ಸಾಸಿವೆ ನುಣುಪು, ಜಾರುತ್ತೆ, ರಾಶಿ ಚಪ್ಪಟೆಯಾಗುತ್ತೆ. ಭತ್ತ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತೆ, ರಾಶಿ ಚೂಪಾಗುತ್ತೆ. ಇವತ್ತಿನ ಎಂಜಿನಿಯರ್‌ಗಳು ಇದನ್ನೇ ‘ಆಂಗಲ್ ಆಫ್ ರಿಪೋಸ್’ ಅಂತಾರೆ. ಭಾಸ್ಕರರ ಅಳತೆಯಿಂದ ಲೆಕ್ಕ ಹಾಕಿದ್ರೆ ಈ ಮೂರು ರಾಶಿಗಳ ಇಳಿಜಾರು ಸುಮಾರು 32, 30 ಮತ್ತು 35 ಡಿಗ್ರಿ ಬರುತ್ತೆ.

ಅವರದ್ದೇ ಉದಾಹರಣೆ: ಸುತ್ತಳತೆ 60 ಮೊಳ, ದಪ್ಪ ಕಾಳು. ಎತ್ತರ 6. ಉತ್ತರ 600 ಖಾರಿ. ಒಂದು ಖಾರಿ ಅಂದ್ರೆ ಉದ್ದ, ಅಗಲ, ಎತ್ತರ ಮೂರೂ ಒಂದು ಮೊಳ ಇರೋ ಪೆಟ್ಟಿಗೆ. ರಾಶಿ ಗೋಡೆಗೆ ಒರಗಿದ್ರೆ? ಮನೆಯ ಒಳಮೂಲೆಯಲ್ಲಿದ್ರೆ? ಹೊರಮೂಲೆಯನ್ನ ಸುತ್ತಿಕೊಂಡಿದ್ರೆ? ಅದಕ್ಕೂ ಲೆಕ್ಕ ಇದೆ: ಅರ್ಧ ರಾಶಿ, ಕಾಲು ರಾಶಿ, ಮುಕ್ಕಾಲು ರಾಶಿ. ಎಲ್ಲವನ್ನೂ ಪೂರ್ತಿ ರಾಶಿ ಮಾಡ್ಕೊಂಡು ಲೆಕ್ಕ ಹಾಕಿ, ಆಮೇಲೆ ಭಾಗ ಮಾಡಿ.

ಇಲ್ಲೊಂದು ಸಣ್ಣ ಚಾಲಾಕಿತನ ಇದೆ. ಈ ಸುಲಭದ ನಿಯಮ ಪೈ ಬೆಲೆಯನ್ನ ಬರೀ 3 ಅಂತ ಹಿಡಿಯುತ್ತೆ. ಸರಿಯಾದ ಪೈ ಹಾಕಿದ್ರೆ ಆ ರಾಶಿ ಸುಮಾರು 573 ಖಾರಿ. ಅಂದ್ರೆ 27 ಖಾರಿ ಕಾಗದದ ಮೇಲೆ ಮಾತ್ರ ಇದೆ! ಮಾರೋನಿಗೆ ಲಾಭ, ಕೊಳ್ಳೋನಿಗೆ ನಷ್ಟ. ಅದೇ ರಾಶಿಯಿಂದ ಪಾಲು ಕೊಡಬೇಕಾದ ರೈತ ಆಗಿದ್ರೆ, ಇಲ್ಲದ ಕಾಳಿಗೂ ಪಾಲು ಕೊಟ್ಟ ಹಾಗೆ.

ಹಾಗಾದ್ರೆ ಇದನ್ನೆಲ್ಲ ಕಲಿತೋರು ಯಾರು? ಮಹಾವೀರರ ಪುಸ್ತಕ, ಭಾಸ್ಕರರ ಪುಸ್ತಕ ಎರಡೂ ಸಂಸ್ಕೃತದಲ್ಲಿ. ಗುಂಡಿ ತೋಡೋರಿಗೆ ಆ ಭಾಷೆ ಬರ್ತಿರಲಿಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯ ಅನ್ನೋ ಕವಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ದಂಥ ಪುಸ್ತಕಗಳನ್ನ ಕನ್ನಡದಲ್ಲೇ ಬರೆದ್ರು. ವ್ಯವಹಾರಗಣಿತ ಪದ್ಯ, ಗದ್ಯ ಎರಡೂ ಬೆರೆತಿರೋ ಪುಸ್ತಕ. ಕನ್ನಡದಲ್ಲಿ ಗಣಿತ ಹೇಳಬಹುದು ಅಂತ ಅಷ್ಟು ಹಿಂದೆಯೇ ತೋರಿಸಿದ ಕೆಲಸ ಅದು. ಆದ್ರೂ ಕೆರೆ ಅಗೆದು, ಕಲ್ಲು ಹೊತ್ತ ಒಡ್ಡರ ಮಕ್ಕಳ ಕೈಗೆ ಈ ವಿದ್ಯೆ ಸುಲಭವಾಗಿ ಬರಲಿಲ್ಲ.

1823ರಲ್ಲಿ ಬಳ್ಳಾರಿ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ ಜಿಲ್ಲೆಯ ಊರಶಾಲೆಗಳ ಬಗ್ಗೆ ವರದಿ ಕಳಿಸಿದ್ರು. 533 ಶಾಲೆ, 6,641 ಮಕ್ಕಳು. ಅದರಲ್ಲಿ ಹುಡುಗಿಯರು 60. ಮಕ್ಕಳು ಮರಳಿನ ಮೇಲೆ ಬೆರಳಿಂದ ಬರೆದು ಕಲೀತಿದ್ರು, ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡ್ತಿದ್ರು, ಇದನ್ನ ಅವರು ಮೆಚ್ಚಿ ಬರೆದಿದ್ದಾರೆ. ಜೊತೆಗೆ ಒಂದು ದೂರು ಕೂಡ: ಪದ್ಯಗಳನ್ನ ಮಕ್ಕಳು ಗಿಳಿಪಾಠ ಒಪ್ಪಿಸ್ತಾರೆ, ಅರ್ಥ ಗೊತ್ತಿರಲ್ಲ ಅಂತ. ಸೂತ್ರವೂ ಪದ್ಯದಲ್ಲೇ ಇದ್ರೆ ಅದಕ್ಕೂ ಇದೇ ಗತಿ ಬರಬಹುದಲ್ವಾ?

ಈಗ ಪದ್ಯ ಹೋಗಿ ಇಂಗ್ಲಿಷ್ ಅಕ್ಷರಗಳ ಸೂತ್ರ ಬಂದಿದೆ. 1956ರ ಕಾಯ್ದೆ ನಂತರ ಹಂತ ಹಂತವಾಗಿ ಸೇರು, ಪಾವು, ಕೊಳಗ, ಖಂಡುಗ ಸರಿದು ಲೀಟರ್, ಘನ ಮೀಟರ್ ಬಂದ್ವು. ಲೆಕ್ಕ ಸುಲಭ ಆಯ್ತು, ಅನುಮಾನವೇ ಇಲ್ಲ. ಆದ್ರೆ ಗುಂಡಿ ಬದಲಾಗಿಲ್ಲ.

ನಮ್ಮ ಹಳ್ಳಿಗಳ ಕೃಷಿ ಹೊಂಡ ನೋಡಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ರಾಜ್ಯದ ಒಣ ತಾಲೂಕುಗಳಲ್ಲಿ ಇವು ಕಣ್ಣಿಗೆ ಬೀಳ್ತಾನೇ ಇರುತ್ತೆ. ಬಾಯಿ ಅಗಲ, ತಳ ಸಣ್ಣದು, ಗೋಡೆ ಇಳಿಜಾರು. ‘ಲೀಲಾವತಿ’ಯ ಗುಂಡಿಯ ಆಕಾರವೇ. ಉದಾಹರಣೆಗೆ ಮೇಲೆ 12 ಮೀಟರ್ ಚೌಕ, ಕೆಳಗೆ 6 ಮೀಟರ್ ಚೌಕ, 3 ಮೀಟರ್ ಆಳ ಅಂತ ಇಟ್ಕೊಳ್ಳಿ. ಸರಾಸರಿ ಬದಿ ಹಿಡಿದ್ರೆ 243 ಘನ ಮೀಟರ್. ಸರಾಸರಿ ವಿಸ್ತೀರ್ಣ ಹಿಡಿದ್ರೆ 270. ಸರಿಯಾದದ್ದು 252. ಮೊದಲನೇ ಲೆಕ್ಕದಲ್ಲಿ ಅಗೆದೋರಿಗೆ 9 ಘನ ಮೀಟರ್ ಮಣ್ಣಿನ ಕೂಲಿ ಹೋಯ್ತು. ಎರಡನೇ ಲೆಕ್ಕದಲ್ಲಿ ರೈತ ಇಲ್ಲದ 18,000 ಲೀಟರ್ ನೀರನ್ನ ನಂಬಿಕೊಂಡು ಕೂತ.

ತಮಾಷೆ ಅಂದ್ರೆ, ಸಿವಿಲ್ ಎಂಜಿನಿಯರಿಂಗ್ ಓದೋರು ಮಣ್ಣಿನ ಕೆಲಸದ ಅಂದಾಜಿಗೆ ಇವತ್ತಿಗೂ ಮೂರು ವಿಧಾನ ಕಲೀತಾರೆ. ನಡುಭಾಗದ ವಿಸ್ತೀರ್ಣ ಹಿಡಿಯೋದು, ಎರಡು ತುದಿಯ ವಿಸ್ತೀರ್ಣದ ಸರಾಸರಿ ಹಿಡಿಯೋದು, ಮೂರನೇದು ಪ್ರಿಸ್ಮಾಯ್ಡಲ್ ಸೂತ್ರ. ನಮ್ಮ ಗುಂಡಿಗೆ ಹಾಕಿ ನೋಡಿದ್ರೆ ಅವೇ ಕರ್ಮಾಂತಿಕ, ಔಂಡ್ರ, ಸೂಕ್ಷ್ಮ. ಮಳಖೇಡದ ಕಾಲದ ಮೂರೂ ಉತ್ತರ ಇನ್ನೂ ಚಾಲ್ತಿಯಲ್ಲಿವೆ.

ಶಾಲೆಯಲ್ಲಿ? 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವಾಗ ಹತ್ತನೇ ತರಗತಿ ಗಣಿತದಿಂದ ಶಂಕುವಿನ ಭಿನ್ನಕ, ಅಂದ್ರೆ ತುದಿ ಕತ್ತರಿಸಿದ ಶಂಕುವಿನ ಪಾಠವನ್ನ ಕೈಬಿಟ್ಟರು. ಬಕೆಟ್ಟು, ಲೋಟ, ಇಳಿಜಾರು ಗೋಡೆಯ ದುಂಡು ಹೊಂಡ ಎಲ್ಲ ಅದೇ ಆಕಾರ. ಆ ಉದ್ದದ ಸೂತ್ರ ಬಾಯಿಪಾಠ ಮಾಡೋ ಕಷ್ಟ ತಪ್ಪಿತು ಅಂತ ಮಕ್ಕಳು ಖುಷಿಪಟ್ಟಿದ್ರೆ ಅದು ಅವರ ತಪ್ಪಲ್ಲ. ಅದನ್ನ ನಾವು ಬರೀ ಸೂತ್ರವಾಗಿ ಕಲಿಸಿದ್ವಿ. ಹೊಂಡದ ಮೂಲೆಯಲ್ಲಿ ನಿಲ್ಲಿಸಿ, ಇಲ್ಲಿರೋ ಮಣ್ಣು ಕಾಲು ಭಾಗವೋ, ಅರ್ಧವೋ ಅಂತ ಕೇಳಿದ್ದರೆ ಆ ಮಗು ಸೂತ್ರವನ್ನ ತಾನೇ ಕಟ್ಟಬಹುದಿತ್ತು. ನಾಳೆ ಅಳತೆ ಪುಸ್ತಕದಲ್ಲಿ ಅಪ್ಪ-ಅಮ್ಮನ ಕೂಲಿ ಬರೆಯುವಾಗ ಪಕ್ಕದಲ್ಲಿ ನಿಂತು, ‘ಸರ್, ಮೂಲೆ ಲೆಕ್ಕ ಸರಿಯಾಗಿ ಹಿಡೀರಿ’ ಅಂತ ಹೇಳಬಹುದಿತ್ತು.

ಮನೆಯಲ್ಲಿ ತಮ್ಮನೋ ತಂಗಿಯೋ ಇದ್ರೆ ಈ ವಾರ ಒಂದು ಕೆಲಸ ಮಾಡಿ. ಒಂದು ಬಕೆಟ್ ತಗೊಳ್ಳಿ. ಬಾಯಿ, ತಳ, ಆಳ ಅಳೆದು ಮೂರೂ ಥರ ಲೆಕ್ಕ ಹಾಕಿಸಿ. ಆಮೇಲೆ ಲೀಟರ್ ಬಾಟಲಿಯಿಂದ ನೀರು ತುಂಬಿಸಿ ಎಣಿಸಲಿ. ಯಾವ ಉತ್ತರ ಗೆಲ್ಲುತ್ತೆ ಅಂತ ಅವರೇ ಹೇಳ್ತಾರೆ. ನಮಗೂ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ, ನಮಸ್ಕಾರ.