ಪಾಪ ಯಾರದು, ಕ್ಷಮೆ ಯಾರದು?

ಕೀಳಾಗಿ ಹುಟ್ಟಿದ್ದೇ ಹಿಂದಿನ ಜನ್ಮದ ಪಾಪಕ್ಕೆ ಸಾಕ್ಷಿ ಎನ್ನುತ್ತದೆ ಕರ್ಮಸಿದ್ಧಾಂತ. ಅಂದರೆ ಹುಟ್ಟಾ ಪಾಪಿಗಳು ನಾವು ಮಾತ್ರ. ಕ್ರೈಸ್ತರ ಮೂಲಪಾಪ ಹಾಗಲ್ಲ. ಆದಾಮನ ಸಂತತಿಯೆಲ್ಲ ಪಾಪಿಗಳೇ, ಪುರೋಹಿತನೂ ಜಲಗಾರನೂ ಒಂದೇ ತಕ್ಕಡಿಯಲ್ಲಿ. ಕೇರಿಯವರು ಈ ಮಾತಿಗೆ ಕಿವಿಗೊಟ್ಟದ್ದನ್ನು ಬರೀ ಗಂಜಿಯಾಸೆ ಎನ್ನುವವರು ಚರಿತ್ರೆ ಓದಿಲ್ಲ.

ಆದರೆ ಇಗರ್ಜಿ ಆ ಸಮಾನತೆಯನ್ನು ನೆಲಕ್ಕಿಳಿಸಲಿಲ್ಲ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸಂನ್ಯಾಸಿಯಂತೆ ಬದುಕಿದ. 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ, ಮತಾಂತರಗೊಂಡ ಬ್ರಾಹ್ಮಣರು ಜನಿವಾರ ಉಳಿಸಿಕೊಳ್ಳಲು ಒಪ್ಪಿದ. ಆತ್ಮಕ್ಕೆ ಮೋಕ್ಷ, ಮೈಗೆ ಜಾತಿ! ಕಾನೂನಿನ ಕಣ್ಣಿಗೆ ಮಾತ್ರ ಈ ಜಾತಿ ಕಾಣಲಿಲ್ಲ: 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಇವರು ಹೊರಗೇ ಉಳಿದರು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಮಾತೆತ್ತಿದರು. ದಲಿತ ದೈವಶಾಸ್ತ್ರ ಬೆಳೆದದ್ದು ಅಲ್ಲಿಂದ. ಆ ದಾರಿಯಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: ಹೊಡೆದವನೂ ಹೊಡೆಸಿಕೊಂಡವನೂ ಒಟ್ಟಿಗೆ ಮಂಡಿಯೂರಿ ಕ್ಷಮೆ ಬೇಡಿದರೆ ಲೆಕ್ಕ ಚುಕ್ತಾ ಆಯ್ತೇನು?

ಲೂಕನ ಸುವಾರ್ತೆಯ ಸುಂಕದವ ಜಕ್ಕಾಯ, ವಂಚಿಸಿದ್ದಕ್ಕೆ ನಾಲ್ಕರಷ್ಟು ವಾಪಸು ಕೊಡ್ತೀನಿ ಎಂದ ಮೇಲೆ ತಾನೆ ಅವನ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳಿದ್ದು? ಕಿತ್ತುಕೊಂಡ ನೆಲ, ಕೂಲಿ, ಮಾನ ಮರಳಿಸದೆ ಬೇಡುವ ಕ್ಷಮೆಯನ್ನು ದೇವರು ಬೇಕಾದರೆ ಕೊಡಲಿ. ಕೇರಿ ಯಾಕೆ ಕೊಡಬೇಕು?