ದೀವಾನಿನ ಲೆಕ್ಕ, ಮುಸಲ್ಲಾದ ಲೆಕ್ಕ

ಹಿಜರಿ 833, ಅಂದರೆ ಕ್ರಿ.ಶ. 1430. ಕೈರೋ ನಗರದಲ್ಲಿ ಪ್ಲೇಗು ಮತ್ತೆ ಕಾಣಿಸಿಕೊಂಡಿತು. 1348ರ ಮಹಾಮಾರಿಯ ಬಳಿಕ ಅದು ಹಲವು ಬಾರಿ ಮರಳಿ ಬಂದಿತ್ತಾದರೂ ಈ ಸಲದ ಹಾವಳಿ ಭೀಕರವಾಗಿತ್ತು. ಸತ್ತವರನ್ನು ದಾಖಲಿಸುವ ಹೊಣೆ ದೀವಾನುಲ್ ಮವಾರೀಸ್ ಎಂಬ ಸರಕಾರಿ ಕಚೇರಿಯದಾಗಿತ್ತು. ಅದು ಅನುಕಂಪದಿಂದ ಹುಟ್ಟಿದ ಕಚೇರಿಯೇನಲ್ಲ. ವಾರೀಸುದಾರರಿಲ್ಲದವರ ಆಸ್ತಿ ಖಜಾನೆಗೆ ಸೇರಬೇಕಿತ್ತು, ಅದಕ್ಕಾಗಿ ಲೆಕ್ಕ. ಆದರೆ ಬಾಬುನ್ನಸ್ರ್‌ನಂತಹ ನಗರದ್ವಾರಗಳ ಬಳಿಯ ಮುಸಲ್ಲಾಗಳಲ್ಲಿ ನಡೆಯುತ್ತಿದ್ದ ಜನಾಝ ನಮಾಝ್‌ಗಳನ್ನು ಎಣಿಸಿದಾಗ ಸಂಖ್ಯೆ ದೀವಾನಿನ ಲೆಕ್ಕವನ್ನು ಮೀರುತ್ತಿತ್ತು. ಇತಿಹಾಸಕಾರ ಅಲ್ ಮಕ್ರೀಝಿಯವರು ಈ ಅಂತರವನ್ನು ಗಮನಿಸಿ ಬರೆದಿಟ್ಟರು. ಬಿಟ್ಟುಹೋಗಲು ಆಸ್ತಿಯೇ ಇಲ್ಲದ ಬಡವನ ಸಾವಿನಲ್ಲಿ ಅಂತಹ ಕಚೇರಿಗೆ ಎಷ್ಟು ಆಸಕ್ತಿ ಇದ್ದೀತು!

ಆರು ಶತಮಾನಗಳ ಬಳಿಕ ನಮ್ಮ ದೇಶದಲ್ಲಿಯೂ ಎರಡು ಲೆಕ್ಕಗಳು ಎದುರುಬದುರು ನಿಂತವು. 2021ರ ಏಪ್ರಿಲ್, ಮೇ ತಿಂಗಳುಗಳ ಎರಡನೇ ಅಲೆಯನ್ನು ಯಾರೂ ಮರೆತಿರಲಾರರು. ಬೆಂಗಳೂರಿನ ಚಿತಾಗಾರಗಳ ಮುಂದೆ ಆ್ಯಂಬುಲೆನ್ಸ್‌ಗಳು ಸಾಲುಗಟ್ಟಿದ್ದವು. ನಮ್ಮ ಯುವಕರು ಪಿಪಿಇ ಕಿಟ್ ತೊಟ್ಟು, ರಮಝಾನಿನ ಉಪವಾಸದಲ್ಲಿಯೂ, ಧರ್ಮ ನೋಡದೆ ಮೃತದೇಹಗಳಿಗೆ ಹೆಗಲು ಕೊಟ್ಟರು. 2021ರ ಕೊನೆಯವರೆಗೆ ಭಾರತದಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 4.81 ಲಕ್ಷ ಎಂದು ಅಧಿಕೃತ ಲೆಕ್ಕ ಹೇಳಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2020 ಮತ್ತು 2021ರ ಹೆಚ್ಚುವರಿ ಸಾವುಗಳನ್ನು ಜಗತ್ತಿನಾದ್ಯಂತ 1.49 ಕೋಟಿ, ಭಾರತದಲ್ಲಿ ಸುಮಾರು 47 ಲಕ್ಷ ಎಂದು ಅಂದಾಜಿಸಿತು. ಆ ಲೆಕ್ಕದ ವಿಧಾನವನ್ನು ಕೇಂದ್ರ ಸರಕಾರ ಒಪ್ಪಲಿಲ್ಲ.

ಹೆಚ್ಚುವರಿ ಸಾವು ಎಂದರೇನು? ರೋಗವಿಲ್ಲದ ವರ್ಷಗಳಲ್ಲಿ ಸಾಮಾನ್ಯವಾಗಿ ಎಷ್ಟು ಮಂದಿ ಸಾಯುತ್ತಾರೋ ಅದಕ್ಕಿಂತ ಎಷ್ಟು ಮಂದಿ ಹೆಚ್ಚಾಗಿ ಸತ್ತರು ಎಂಬುದು. ಪರೀಕ್ಷೆಯಿಲ್ಲದೆ ಮನೆಯಲ್ಲಿಯೇ ಉಸಿರು ನಿಂತವರೂ, ಹಾಸಿಗೆ ಸಿಗದೆ ಬೇರೆ ಕಾಯಿಲೆಯಿಂದ ಸತ್ತವರೂ ಇದರೊಳಗೆ ಬರುತ್ತಾರೆ. ಆದುದರಿಂದ ಇಡೀ ಸಂಖ್ಯೆಯನ್ನು ಕೋವಿಡ್‌ನ ಮೇಲೆ ಹೊರಿಸುವುದು ಸರಿಯಲ್ಲ. ಆದರೆ 2025ರಲ್ಲಿ ಪ್ರಕಟವಾದ ಸರಕಾರದ್ದೇ ನೋಂದಣಿ ವರದಿಯನ್ನು ನೋಡಿ. ದೇಶದಲ್ಲಿ ನೋಂದಣಿಯಾದ ಸಾವುಗಳು 2020ರಲ್ಲಿ ಸುಮಾರು 81 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ ಸುಮಾರು 21 ಲಕ್ಷ ಏರಿಕೆ. ಅದೇ ವರ್ಷ ಅಧಿಕೃತವಾಗಿ ಕೋವಿಡ್ ಸಾವೆಂದು ಎಣಿಕೆಯಾದುದು 3.3 ಲಕ್ಷದಷ್ಟು. ನೋಂದಣಿಯ ಪ್ರಮಾಣವೂ ಸುಧಾರಿಸಿದೆ ಎಂಬ ವಾದದಲ್ಲಿ ಹುರುಳಿರಬಹುದು. ಇಷ್ಟು ದೊಡ್ಡ ಅಂತರವನ್ನು ಅದೊಂದೇ ವಿವರಿಸುತ್ತದೆಂದು ನನಗೆ ಅನಿಸುವುದಿಲ್ಲ.

ಸತ್ತವರು ಅಲ್ಲಾಹನ ಬಳಿ ಎಣಿಕೆಯಾಗಿದ್ದಾರೆ, ಇಲ್ಲಿಯ ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ಬದುಕಿದವರಿಗಾಗಿ ಅದು ಬೇಕು. ಸುಪ್ರೀಂ ಕೋರ್ಟಿನ ಆದೇಶದ ಬಳಿಕ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಅದನ್ನು ಪಡೆಯಲು ವಿಧವೆಯ ಕೈಯಲ್ಲಿ ಕಾಗದವಿರಬೇಕಿತ್ತು. ವಾರೀಸು ಹಕ್ಕಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಒಂದೇ ಮನೆಯ ಗಂಡ ಹೆಂಡತಿ, ತಂದೆ ಮಗ ಒಟ್ಟಿಗೆ ತೀರಿಕೊಂಡಾಗ ಮೊದಲು ಸತ್ತವರು ಯಾರು? ಯಮಾಮ ಯುದ್ಧದ ಬಳಿಕವೂ, ಹ. ಉಮರ್(ರ)ರ ಕಾಲದ ಅಮ್ವಾಸ್ ಪ್ಲೇಗಿನ ಬಳಿಕವೂ ಈ ಪ್ರಶ್ನೆ ಸಹಾಬಿಗಳ ಮುಂದೆ ಬಂದಿತ್ತು. ಸಾವಿನ ಅನುಕ್ರಮ ತಿಳಿಯದಿದ್ದರೆ ಅವರು ಪರಸ್ಪರರ ವಾರೀಸುದಾರರಾಗುವುದಿಲ್ಲ, ಬದುಕಿರುವ ವಾರೀಸುದಾರರಿಗಷ್ಟೇ ಪಾಲು ಎಂಬುದು ಬಹುಪಾಲು ಫಕೀಹರ ಅಭಿಪ್ರಾಯ. ಹಾಗಾಗಿ ದಿನಾಂಕವೊಂದು ತಪ್ಪಿದರೆ ಒಬ್ಬ ಅನಾಥನ ಪಾಲು ತಪ್ಪೀತು.

ಲೆಕ್ಕವು ತಿದ್ದುವುದಕ್ಕೂ ನೆರವಾಗುತ್ತದೆ. 833ರ ಆ ಪ್ಲೇಗಿನಲ್ಲಿ ಕೈರೋದ ಜನರು ಮೂರು ದಿನ ಉಪವಾಸವಿದ್ದು ಮರುಭೂಮಿಯಲ್ಲಿ ಸಾಮೂಹಿಕ ಪ್ರಾರ್ಥನೆಗೆ ನೆರೆದರು. ಅದಕ್ಕೆ ಮುನ್ನ ದಿನದ ಸಾವು ನಲವತ್ತಕ್ಕಿಂತ ಕಡಿಮೆಯಿತ್ತು, ಬಳಿಕ ತಿಂಗಳು ತುಂಬುವುದರೊಳಗೆ ಸಾವಿರವನ್ನು ದಾಟಿತು ಎಂದು ಇಮಾಮ್ ಇಬ್ನ್ ಹಜರ್ ಅಸ್ಕಲಾನಿ(ರಹ) ದಾಖಲಿಸಿದರು. ಬುಖಾರಿಗೆ ವ್ಯಾಖ್ಯಾನ ಬರೆದ ಮಹಾ ಹದೀಸ್ ವಿದ್ವಾಂಸರು ಸಾವಿನ ಸಂಖ್ಯೆಯನ್ನು ಹೀಗೆ ಮುಚ್ಚುಮರೆಯಿಲ್ಲದೆ ಬರೆದರು. ಹಿಜರಿ 819ರ ಪ್ಲೇಗಿನಲ್ಲಿ ಅವರು ಫಾತಿಮಾ ಮತ್ತು ಆಲಿಯಾ ಎಂಬ ಇಬ್ಬರು ಪುತ್ರಿಯರನ್ನು ಕಳೆದುಕೊಂಡಿದ್ದರು. ಪ್ಲೇಗಿನ ಕುರಿತ ಅವರ ಗ್ರಂಥ 'ಬದ್ಲುಲ್ ಮಾಊನ್' 833ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ಹಿರಿಯ ಮಗಳು ಝೈನ್ ಖಾತೂನ್, ಗರ್ಭಿಣಿಯಾಗಿದ್ದಾಗ, ಅದೇ ಪ್ಲೇಗಿನಲ್ಲಿ ತೀರಿಕೊಂಡರು.